ಹೊತ್ತು ಮೀರಿ ಬಂದ ರೊಟ್ಟಿ: ಪಂಡಿತಾ ರಮಾಬಾಯಿಯ ಜೀವನದಿಂದ ಯೌವನಸ್ಥರಿಗೆ ಒಂದು ಸಂದೇಶ

(ಬೆಳ್ಳಟ್ಟಿಯಲ್ಲಿ ನಡೆದ ಯೌವನಸ್ಥರ ಕೂಟದ ಸಂದೇಶದ ಬರಹರೂಪ)

ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದವರು ಇದ್ದೀರಿ. ದಣಿವಾಗಿರುತ್ತೆ, ಆದರೂ ಸ್ವಲ್ಪ ಹೊತ್ತು ಮನಸ್ಸನ್ನು ಇಲ್ಲಿ ಇಡಿ. ಕರ್ತನು ನಿಮ್ಮ ಜೊತೆ ಮಾತಾಡಲಿ.

ಪ್ರಾರ್ಥನೆ ಕೇಳಿಕೊಂಡು ಬರುವ ಯೌವನಸ್ಥರು ಹೆಚ್ಚಾಗಿ ಎರಡು ಥರದ ನೋವು ಹೇಳ್ತಾರೆ. ಒಬ್ಬರು ಹೇಳ್ತಾರೆ, ಮಾಡಬಾರದ್ದನ್ನು ಮಾಡಿಬಿಟ್ಟೆ ಅಂತ. ಆಡಬಾರದ ಮಾತು ಆಡಿದೆ, ಹೋಗಬಾರದ ಕಡೆ ಹೋದೆ, ಯಾರದೋ ಮನಸ್ಸು ಮುರಿದೆ. ಇನ್ನೊಬ್ಬರು ಹೇಳ್ತಾರೆ, ಮಾಡಬೇಕಾದ್ದನ್ನು ಮಾಡಲೇ ಇಲ್ಲ ಅಂತ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಊರಿಗೆ ಹೋಗಲಿಲ್ಲ, ಗೆಳೆಯ ಕುಗ್ಗಿಹೋಗಿದ್ದಾಗ ಒಂದು ಫೋನ್ ಮಾಡಲಿಲ್ಲ, ದೇವರು ಸೇವೆಗೆ ಕರೆದಾಗ ಮುಂದಿನ ವರ್ಷ ನೋಡೋಣ ಅಂದೆ. ಮೊದಲನೆಯವರು ಅಳುತ್ತಾರೆ. ಎರಡನೆಯವರು ಹೆಚ್ಚಾಗಿ ಅಳುವುದಿಲ್ಲ, ಸುಮ್ಮನೆ ಕೂತುಬಿಡ್ತಾರೆ.

ಇವೆರಡರಲ್ಲಿ ಯಾವುದು ಹೆಚ್ಚು ದಿನ ಕಾಡುತ್ತೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದರು. ಅವರು ಕಂಡದ್ದು ಇಷ್ಟು: ತಕ್ಷಣಕ್ಕೆ ಜೋರಾಗಿ ಚುಚ್ಚುವುದು ಮಾಡಿದ ತಪ್ಪು. ಆದರೆ ವರ್ಷಗಳು ಕಳೆದು ಹಿಂತಿರುಗಿ ನೋಡುವಾಗ ಜನ ಹೆಚ್ಚಾಗಿ ಹಳಹಳಿಸುವುದು ಮಾಡದೆ ಬಿಟ್ಟದ್ದಕ್ಕೆ.

ಈ ಮಾತು ತಿಳಿಯೋಕೆ ಅಮೆರಿಕಕ್ಕೇ ಹೋಗಬೇಕಿಲ್ಲ ನೋಡ್ರಿ. ಈ ಬೆಳ್ಳಟ್ಟಿ, ಶಿರಹಟ್ಟಿ ಕಡೆ ಮಳೆ ನಂಬಿ ಬಿತ್ತುವ ಯಾವ ರೈತನನ್ನು ಕೇಳಿದರೂ ಹೇಳ್ತಾನೆ. ಹೆಸರು ಬಿತ್ತಿದ, ಮೊಳಕೆ ಸರಿಯಾಗಿ ಬರಲಿಲ್ಲ. ಬೀಜದ ದುಡ್ಡು ಹೋಯ್ತು, ಬೇಜಾರಾಯ್ತು, ಆದರೆ ಮರುಬಿತ್ತನೆ ಅಂತ ಒಂದು ದಾರಿ ಇರುತ್ತೆ. ಮಳೆ ಬಿದ್ದು ನೆಲ ಹದವಾಗಿದ್ದಾಗ ಕೂರಿಗೆ ಹೂಡದೆ ಮನೆಯಲ್ಲೇ ಕೂತರೆ? ಹದ ಆರಿಹೋಗುತ್ತೆ. ಆ ಮುಂಗಾರು ಮತ್ತೆ ಬರೋದಿಲ್ಲ.

ಸತ್ಯವೇದದಲ್ಲೂ ಈ ಎರಡೂ ಇವೆ. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತಾ ಕರ್ತನನ್ನು ಅಲ್ಲಗಳೆದ. ಅದು ಮಾಡಿದ ತಪ್ಪು. ಬಹಳ ದುಃಖಪಟ್ಟು ಅತ್ತ. ಆದರೆ ಪುನರುತ್ಥಾನವಾದ ಕರ್ತನು ಸಮುದ್ರದ ದಡದಲ್ಲಿ ಅವನನ್ನು ಮತ್ತೆ ಎತ್ತಿ ನಿಲ್ಲಿಸಿದ. ಇನ್ನೊಬ್ಬನಿದ್ದಾನೆ, ಒಂದೇ ತಲಾಂತು ಪಡೆದವನು. ಅವನು ಕದಿಯಲಿಲ್ಲ, ಕುಡಿದು ಹಾಳುಮಾಡಲಿಲ್ಲ, ಜೂಜಾಡಲಿಲ್ಲ. ನೆಲ ಅಗೆದು ಹೂತಿಟ್ಟ, ಅಷ್ಟೇ. ಯಜಮಾನ ಬಂದಾಗ ಲೆಕ್ಕ ಕೇಳಿದ್ದು ಅವನು ಕಳೆದದ್ದಕ್ಕಲ್ಲ, ಅವನು ಮಾಡದೆ ಬಿಟ್ಟದ್ದಕ್ಕೆ. ಯಾಕೆ ಮಾಡಲಿಲ್ಲ? ಭಯ. ಸೋತರೆ ಏನು ಗತಿ ಎಂಬ ಭಯ.

ಹಾಗಾದರೆ ಹದ ಒಂದು ಸಾರಿ ತಪ್ಪಿತು ಅಂತಿಟ್ಟುಕೊಳ್ಳಿ. ಆ ನೋವನ್ನು ಏನು ಮಾಡಬೇಕು? ಇದಕ್ಕೆ ಉತ್ತರವಾಗಿ ಇವತ್ತು ಒಬ್ಬ ಸ್ತ್ರೀಯ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಅವಳು ತೀರಿಹೋಗಿ ನೂರು ವರ್ಷ ದಾಟಿದೆ. ಹೆಸರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವಳು ಅಂತ ಬಹಳ ಜನ ತಿಳಿದಿದ್ದಾರೆ. ಹುಟ್ಟಿದ್ದು ನಮ್ಮ ಕರ್ನಾಟಕದ ಘಟ್ಟದಲ್ಲಿ.

ನಿಮ್ಮ ಶಿರಹಟ್ಟಿ ತಾಲೂಕಿನ ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತೆ ಅಲ್ವಾ? ಆ ನದಿಯ ಹೆಸರಿನಲ್ಲಿ ಎರಡು ನದಿಗಳಿವೆ, ತುಂಗಾ ಮತ್ತು ಭದ್ರಾ. ಎರಡೂ ಹುಟ್ಟುವ ಜಾಗ ಗಂಗಾಮೂಲ, ಕುದುರೆಮುಖದ ದಟ್ಟ ಕಾಡು. ಆ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದಳು.

ಕಾಡಿನಲ್ಲಿ ಯಾಕೆ ಹುಟ್ಟಿದಳು? ಅವಳ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳ ಊರಿನವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಬೇಕು ಅಂತ ಹಟ ಹಿಡಿದರು. ಆ ಕಾಲದಲ್ಲಿ ಹೆಂಗಸಿಗೆ ಸಂಸ್ಕೃತವಾ! ಊರು ತಿರುಗಿಬಿತ್ತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಅವರು ತಮ್ಮ ಪಕ್ಷ ವಾದಿಸಬೇಕಾಯಿತು. ಕೊನೆಗೆ ಹೆಂಡತಿಯನ್ನು ಕರಕೊಂಡು ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿದರು. ಶಿಷ್ಯರಿಗೂ ಪಾಠ, ಹೆಂಡತಿಗೂ ಪಾಠ. ಮುಂದೆ ರಮಾಬಾಯಿಗೆ ಸಂಸ್ಕೃತ ಕಲಿಸಿದ್ದು ಆ ತಾಯಿಯೇ. ನಾಲ್ಕು ಜನ ನಗುತ್ತಾರೆ ಅಂತ ಅನಂತಶಾಸ್ತ್ರಿಗಳು ಆ ಒಂದು ಕೆಲಸ ಬಿಟ್ಟಿದ್ದರೆ ಪಂಡಿತಾ ರಮಾಬಾಯಿ ಎಂಬ ಹೆಸರೇ ಇರುತ್ತಿರಲಿಲ್ಲ.

ಮನೆತನದ ಆಸ್ತಿ ಕರಗಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡು ಬಿಟ್ಟು ಹೊರಟಿತು. ಮಗುವನ್ನು ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿದರು. ಅಲ್ಲಿಂದ ಮುಂದೆ ಅವರಿಗೆ ಮನೆ ಅಂತ ಇರಲಿಲ್ಲ. ಊರಿಂದ ಊರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ. ಪುರಾಣ ಓದುವುದು, ಬಂದ ದಕ್ಷಿಣೆಯಲ್ಲಿ ಜೀವನ. ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ, ರಮಾ. ಮರಾಠಿ, ಕನ್ನಡ, ಹಿಂದೂಸ್ತಾನಿ ಎಲ್ಲ ನಡೆಯುತ್ತಾ ನಡೆಯುತ್ತಾ ಕಲಿತ ಭಾಷೆಗಳು.

ಆಮೇಲೆ ಬರ ಬಂತು. ಸುಮಾರು 1874. ದಕ್ಷಿಣ ದೇಶದಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ ಅವರು ಅಲೆಯುತ್ತಿದ್ದಾಗ. ಪುರಾಣ ಕೇಳುವವರಿಲ್ಲ, ಕೊಡುವವರಿಲ್ಲ. ಒಡವೆ ಹೋಯ್ತು, ಬಟ್ಟೆ ಹೋಯ್ತು, ತಾಮ್ರ ಹಿತ್ತಾಳೆಯ ಪಾತ್ರೆ ಹೋಯ್ತು. ಇಲ್ಲಿ ಒಂದು ವಿಷಯ ಗಮನಿಸಿ. ಕೂಲಿ ಮಾಡಬಹುದಿತ್ತು. ಆದರೆ ವಿದ್ವಾಂಸರ ಮನೆಯವರು ಕೂಲಿಗೆ ಹೋಗುವುದು ಹೇಗೆ? ಬಾಯಿಬಿಟ್ಟು ಬೇಡುವುದು ಹೇಗೆ? ಕುಲದ ಅಭಿಮಾನ, ನಾಚಿಕೆ. ಕೆಲಸ ಮಾಡಲು ಮೈಯಲ್ಲಿ ಶಕ್ತಿ ಇದ್ದ ದಿನಗಳು ಹಾಗೇ ಕಳೆದುಹೋದವು. ಕೊನೆಗೆ ಎಲೆ ತಿಂದು ನೀರು ಕುಡಿದು ಕಾಡಿನಲ್ಲಿ ದಿನ ದೂಡಿದರು. ವೃದ್ಧ ತಂದೆ ಇನ್ನು ನೀರಿಗೆ ಹಾರಿ ಪ್ರಾಣ ಬಿಡುತ್ತೇನೆ ಅಂತ ತೀರ್ಮಾನಿಸಿದರು. ಆಗ ಅಣ್ಣ ಶ್ರೀನಿವಾಸ ತಾನು ಕೂಲಿಯಾದರೂ ಮಾಡುತ್ತೇನೆ ಅಂತ ತಡೆದ. ಆ ಮಾತು ಬಂತು, ಆದರೆ ಎಷ್ಟು ತಡವಾಗಿ ಬಂತು! ಕೆಲವೇ ದಿನಗಳಲ್ಲಿ ತಂದೆ ತೀರಿಹೋದರು.

ಕೆಲವು ತಿಂಗಳಲ್ಲಿ ತಾಯಿ ಹಾಸಿಗೆ ಹಿಡಿದಳು. ಜ್ವರ, ಹಸಿವು. ರೊಟ್ಟಿ ಬೇಕು ಅಂತ ಕನವರಿಸುತ್ತಿದ್ದಳು. ರಮಾ ಹದಿನಾರರ ಹುಡುಗಿ. ಹತ್ತಿರದ ಮನೆಯ ಬಾಗಿಲಿಗೆ ಹೋಗಿ ನಿಂತಳು. ಕೇಳಬೇಕು, ಬಾಯಿ ಬರುತ್ತಿಲ್ಲ. ಹುಟ್ಟಿದಾಗಿನಿಂದ ಬೇಡಿ ಅಭ್ಯಾಸವಿಲ್ಲ. ಕಣ್ಣಲ್ಲಿ ನೀರು ಮಾತ್ರ. ಆ ಮನೆಯ ತಾಯಿ ಅರ್ಥ ಮಾಡಿಕೊಂಡು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ರಮಾ ಅದನ್ನು ತಂದು ಅಮ್ಮನ ಮುಂದೆ ಹಿಡಿದಳು. ಅಮ್ಮನಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ರೊಟ್ಟಿ ಬಂತು. ಹೊತ್ತು ಮೀರಿ ಬಂತು.

ಆ ತಾಯಿಯ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಬಂದರು, ಅಣ್ಣ ಒಬ್ಬ, ನಾಲ್ಕನೆಯವಳಾಗಿ ರಮಾಬಾಯಿ. ಗಿಡ್ಡ ಹುಡುಗಿ, ಹೆಗಲಿಗೆ ಚಟ್ಟ ಎಟುಕದು. ತಲೆಯ ಮೇಲೆ ಹೊತ್ತು ಮೂರು ಮೈಲಿ ನಡೆದಳು. ಅದಾದ ಮೇಲೆ ಅಕ್ಕನೂ ಹೋದಳು. ಉಳಿದದ್ದು ಅಣ್ಣ ತಂಗಿ ಇಬ್ಬರೇ.

ಯೌವನಸ್ಥರೇ, ಈ ಹುಡುಗಿಯ ಎದೆಯಲ್ಲಿ ಎಂಥ ಭಾರ ಕೂತಿರಬೇಕು ಯೋಚನೆ ಮಾಡಿ. ನಾವು ಆಗಲೇ ಕೂಲಿಗೆ ಹೋಗಿದ್ದರೆ? ನಾನು ಮೊದಲೇ ಆ ಬಾಗಿಲಿಗೆ ಹೋಗಿದ್ದರೆ? ಇದು ಅವಳ ಮಾತಲ್ಲ, ಅವಳ ಜಾಗದಲ್ಲಿ ನಿಂತ ಯಾರ ಮನಸ್ಸಿಗೂ ಬರುವ ಮಾತು. ಹದ ತಪ್ಪಿದ ಹೊಲ ಅದು.

ಅಣ್ಣ ತಂಗಿ ಬರಿಗಾಲಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿನ ವಿದ್ವಾಂಸರು ಅವಳನ್ನು ಪರೀಕ್ಷಿಸಿ ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಅವಳು ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲನನ್ನು ಮದುವೆಯಾದಳು. ಬೇರೆ ಜಾತಿ, ಬೇರೆ ಭಾಷೆ, ರಿಜಿಸ್ಟರ್ ಮದುವೆ. 1880ರಲ್ಲಿ! 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾ ತಗುಲಿ ಸತ್ತ. ಇಪ್ಪತ್ಮೂರು ವಯಸ್ಸಿಗೆ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಕೂಸು.

ಜಾತಿ ಬಿಟ್ಟು ಮದುವೆಯಾದದ್ದಕ್ಕೇ ಹೀಗಾಯ್ತು ಅಂತ ಹೇಳುವ ಬಾಯಿಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಅವಳು ಮೂಲೆ ಸೇರಲಿಲ್ಲ. ಪುಣೆಗೆ ಬಂದಳು. ನ್ಯಾಯಮೂರ್ತಿ ರಾನಡೆಯವರಂಥ ಸುಧಾರಕರ ಬೆಂಬಲದಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದಳು. ಅದೇ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಹೆಂಗಸರೇ ಶಿಕ್ಷಕಿಯರು ಬೇಕು, ಹೆಂಗಸರೇ ಡಾಕ್ಟರು ಬೇಕು ಅಂತ ಸಾಕ್ಷಿ ಹೇಳಿದಳು.

ತಾನೇ ಡಾಕ್ಟರಾಗಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದಳು. ಪುಸ್ತಕ ಬರೆದು ಬಂದ ಹಣ ಪ್ರಯಾಣಕ್ಕೆ. ಅಲ್ಲಿ ಏನಾಯ್ತು? ಕಿವಿ ಮಂದವಾಗತೊಡಗಿತು. ಕಿವಿ ಸರಿಯಾಗಿ ಕೇಳದೆ ವೈದ್ಯಕೀಯ ಓದಲಾಗದು. ಆ ಬಾಗಿಲು ಮುಚ್ಚಿತು. ನಿಮ್ಮಲ್ಲಿ ನೀಟ್ ಬರೆದು ಸೀಟು ಸಿಗದವರಿದ್ದೀರಿ, ಇಂಟರ್‌ವ್ಯೂ ಕೊನೆಯ ಸುತ್ತಿನಲ್ಲಿ ಬಿಟ್ಟುಹೋದವರಿದ್ದೀರಿ. ಇದನ್ನು ಚೆನ್ನಾಗಿ ಬೇರೆ ಮಾಡಿ ತಿಳಿಯಿರಿ. ಬಾಗಿಲು ತಾನಾಗಿ ಮುಚ್ಚಿದ್ದು ಬೇರೆ, ತೆರೆದ ಬಾಗಿಲಿಗೆ ನಾವು ಹೋಗದೆ ಉಳಿದದ್ದು ಬೇರೆ. ಮುಚ್ಚಿದ ಬಾಗಿಲಿಗಾಗಿ ನಿಮ್ಮನ್ನು ನೀವು ಹೊಡೆದುಕೊಳ್ಳಬೇಡಿ. ಅದಕ್ಕೆ ಕರ್ತನು ನಿಮ್ಮಿಂದ ಲೆಕ್ಕ ಕೇಳುವುದಿಲ್ಲ.

ಅದೇ ವರ್ಷ, ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಅವಳ ಜೊತೆ ಬಂದ ಗೆಳತಿ ಆನಂದಿಬಾಯಿ ಭಗತ್ ದುರಂತ ಸಾವಿಗೀಡಾದಳು. ಪರದೇಶ, ಚಿಕ್ಕ ಮಗು, ಜೊತೆಯವಳು ಇಲ್ಲ. ಸೆಪ್ಟೆಂಬರ್ 29ರಂದು ರಮಾಬಾಯಿ ಮತ್ತು ಮನೋರಮಾ ಅಲ್ಲೇ ದೀಕ್ಷಾಸ್ನಾನ ಹೊಂದಿದರು. ಭಾರತದಲ್ಲಿ ದೊಡ್ಡ ಕೋಲಾಹಲ. ಮೆಚ್ಚಿದ್ದವರೇ ಬೆನ್ನು ತಿರುಗಿಸಿದರು.

ದೀಕ್ಷಾಸ್ನಾನ ಆದ ಮೇಲೆ ಎಲ್ಲ ಸರಿಹೋಯ್ತು ಅಂತ ಅವಳು ಎಲ್ಲೂ ಸಾಕ್ಷಿ ಹೇಳಿಲ್ಲ. ತನಗೆ ಕ್ರಿಸ್ತನ ಧರ್ಮ ಮೊದಲು ಸಿಕ್ಕಿತು, ಕ್ರಿಸ್ತನು ಸಿಕ್ಕಿದ್ದು ಎಂಟು ವರ್ಷ ಕಳೆದು 1891ರಲ್ಲಿ ಎಂಬರ್ಥದಲ್ಲಿ ಅವಳು ತನ್ನ ಸಾಕ್ಷಿಯಲ್ಲಿ ಬರೆದಳು. ಸಭೆಯಲ್ಲಿ ಹುಟ್ಟಿ ಬೆಳೆದ ಮಕ್ಕಳೇ, ಇದು ನಿಮಗೆ. ಪ್ರತಿ ಭಾನುವಾರ ಬರುತ್ತೀರಿ, ಕೊಯರ್‌ನಲ್ಲಿ ಹಾಡುತ್ತೀರಿ, ಕೀಬೋರ್ಡ್ ನುಡಿಸುತ್ತೀರಿ. ಕರ್ತನ ಕಾಲ ಬಳಿ ಒಬ್ಬರೇ ಕೂತು ಮಾತಾಡಿದ್ದು ಯಾವಾಗ? ಎಲ್ಲಕ್ಕಿಂತ ದೊಡ್ಡ ತಪ್ಪಿದ ಅವಕಾಶ ಅದೇ ಆಗಿರಬಹುದು. ಅದಕ್ಕೆ ಮಾತ್ರ ಹದ ಇನ್ನೂ ಇದೆ. ಇವತ್ತೇ ಇದೆ. ಹಲ್ಲೆಲೂಯ!

ಜೀವನಕ್ಕೆ ಬರೋಣ. 1886ರಲ್ಲಿ ಅಮೆರಿಕದಿಂದ ಕರೆ ಬಂತು. ಅವಳ ಬಂಧು ಆನಂದಿಬಾಯಿ ಜೋಶಿ ಅಲ್ಲಿ ಡಾಕ್ಟರ್ ಪದವಿ ಪಡೆಯುತ್ತಿದ್ದಳು, ಆ ಸಮಾರಂಭಕ್ಕೆ. ಇಂಗ್ಲೆಂಡಿನಲ್ಲಿ ಆಶ್ರಯ ಕೊಟ್ಟವರಿಗೆ ಅವಳು ಹೋಗುವುದು ಇಷ್ಟವಿರಲಿಲ್ಲ. ಹೋದಳು. ಸ್ವಲ್ಪ ದಿನಕ್ಕೆ ಅಂತ ಹೋದವಳು ಎರಡು ವರ್ಷಕ್ಕೂ ಹೆಚ್ಚು ಉಳಿದಳು. ಚಿಕ್ಕ ಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ವಿಧಾನ ಕಲಿತಳು, ಮೇಲ್ಜಾತಿಯ ಹಿಂದೂ ಸ್ತ್ರೀಯರ ಪಾಡಿನ ಬಗ್ಗೆ 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದಳು, ಊರೂರಿನಲ್ಲಿ ಮಾತಾಡಿದಳು. ಡಾಕ್ಟರಾಗುವ ಬಾಗಿಲು ಮುಚ್ಚಿದ್ದವಳಿಗೆ ಬೇರೆ ಬಾಗಿಲು ತೆರೆಯಿತು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಭಾರತದ ವಿಧವೆಯರ ಶಾಲೆಗೆ ಹತ್ತು ವರ್ಷ ಸಹಾಯ ಮಾಡುವುದಾಗಿ ಒಪ್ಪಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಶುರುವಾಯಿತು. ಎಷ್ಟು ವಿದ್ಯಾರ್ಥಿನಿಯರು ಗೊತ್ತಾ? ಇಬ್ಬರು. ಅವರಲ್ಲಿ ಒಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. ಮುಂದೆ ಅವಳೇ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿ ಕರ್ವೆ ಆದಳು. ಮರುವರ್ಷ ಸದನ ಪುಣೆಗೆ ಬಂತು. 1893ರಲ್ಲಿ ದೊಡ್ಡ ಬಿರುಗಾಳಿ. ಅವಳ ಪ್ರಾರ್ಥನೆಯಲ್ಲಿ ಹುಡುಗಿಯರು ಬಂದು ಕೂರುತ್ತಾರೆ ಎಂಬ ಕಾರಣಕ್ಕೆ ಸಲಹಾ ಸಮಿತಿಯ ಗಣ್ಯರು ರಾಜೀನಾಮೆ ಕೊಟ್ಟರು. 20ಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ಮುಂದಡಿ ಇಟ್ಟರೆ ನೋವೇ ಇಲ್ಲ, ಎಲ್ಲ ಆಶೀರ್ವಾದ ಅಂತ ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ರಮಾಬಾಯಿ ಇಟ್ಟ ಒಂದೊಂದು ಹೆಜ್ಜೆಗೂ ಬೆಲೆ ತೆತ್ತಳು. ಮದುವೆಗೆ ಬೆಲೆ, ಸಮುದ್ರ ದಾಟಿದ್ದಕ್ಕೆ ಬೆಲೆ, ನಂಬಿಕೆಗೆ ಬೆಲೆ. ಕೆಲವು ತೀರ್ಮಾನಗಳ ಬಗ್ಗೆ ಅವಳನ್ನು ಪ್ರೀತಿಸಿದವರೂ ಒಪ್ಪಲಿಲ್ಲ. ಹಾಗಿದ್ದರೂ ಹೆಜ್ಜೆ ಹಾಕಿದವರನ್ನು ತಿದ್ದಬಹುದು, ದಾರಿ ತಿರುಗಿಸಬಹುದು. ಕೂತಲ್ಲೇ ಕೂತವರನ್ನು ಎಲ್ಲಿಗೆ ತಿರುಗಿಸೋದು?

ಈಗ ಬರುತ್ತೆ ಮುಖ್ಯವಾದ ಭಾಗ. ಕೇಳಿಸಿಕೊಳ್ಳಿ.

1896. ಮತ್ತೆ ಬರ. ಈ ಸಾರಿ ಮಧ್ಯ ಪ್ರಾಂತ್ಯದ ಕಡೆ ಭೀಕರವಾಗಿತ್ತು. ಸುದ್ದಿ ಪುಣೆಗೆ ಬಂತು. ಅನಾಥ ಹೆಣ್ಣುಮಕ್ಕಳು ಹಸಿವಿನಿಂದ ರಸ್ತೆಗೆ ಬಿದ್ದಿದ್ದಾರೆ, ಕೆಟ್ಟವರ ಕೈಗೆ ಸಿಕ್ಕು ಹಾಳಾಗುತ್ತಿದ್ದಾರೆ. ರಮಾಬಾಯಿಗೆ ಆಗ ಮೂವತ್ತೆಂಟು ವರ್ಷ. ಹೋಗದೆ ಇರಲು ಒಳ್ಳೊಳ್ಳೆ ಕಾರಣಗಳಿದ್ದವು. ಅಮೆರಿಕದಿಂದ ಬರುವ ಹಣ ಶಾರದಾ ಸದನಕ್ಕೆ ಅಂತ ಬರುತ್ತಿತ್ತು, ಬರಪೀಡಿತರಿಗೆ ಅಂತ ತೆಗೆದಿಟ್ಟ ಹಣವಿಲ್ಲ. ಆ ಸಹಾಯದ ಹತ್ತು ವರ್ಷದ ಅವಧಿಯೂ ಮುಗಿಯುತ್ತಾ ಬಂದಿತ್ತು. ಇರುವ ಮಕ್ಕಳನ್ನೇ ಸಾಕುವುದು ಕಷ್ಟ. ಕಿವಿ ಕೇಳಿಸದು. ಇನ್ನಷ್ಟು ಯೋಚಿಸೋಣ ಅಂದಿದ್ದರೆ ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ.

ಆದರೆ ಅವಳಿಗೆ ಇಪ್ಪತ್ತೆರಡು ವರ್ಷದ ಹಿಂದಿನ ಬರ ನೆನಪಿತ್ತು. ಹಸಿದ ಹುಡುಗಿ ಬಾಯಿಬಿಟ್ಟು ಕೇಳಲಾರಳು ಅಂತ ಅವಳಿಗೆ ಗೊತ್ತಿತ್ತು. ರೊಟ್ಟಿ ಒಂದು ದಿನ ತಡವಾದರೆ ಏನಾಗುತ್ತೆ ಅಂತ ಗೊತ್ತಿತ್ತು. ಆ ನೆನಪೇ ತನ್ನನ್ನು ಎಬ್ಬಿಸಿತು ಅಂತ ಅವಳು ಬರೆದಿಟ್ಟಿದ್ದಾಳೆ.

ಹೊರಟಳು. ಹಳ್ಳಿಹಳ್ಳಿ, ಗಂಜಿ ಕೇಂದ್ರ, ಬಡವರ ವಸತಿ ಎಲ್ಲ ಸುತ್ತಿದಳು. ಎಲುಬು ಚರ್ಮ ಆದ ಹುಡುಗಿಯರನ್ನು ರೈಲಿನಲ್ಲಿ ಕರೆತಂದಳು. ಆ ಬರದಲ್ಲಿ ಒಟ್ಟು ಸುಮಾರು 300 ಮಂದಿ. ಪುಣೆಗೆ ತಂದರೆ ಅಲ್ಲಿ ಪ್ಲೇಗಿನ ಭಯ, ಇಷ್ಟು ಜನರನ್ನು ನಗರದಲ್ಲಿ ಇಡಲು ಅಧಿಕಾರಿಗಳು ಬಿಡಲಿಲ್ಲ. ಎಲ್ಲಿಗೆ ಹೋಗೋದು?

ಇಲ್ಲಿ ದೇವರ ಕೆಲಸ ನೋಡಿ. ಅಮೆರಿಕದ ಹಣ ನಿಂತ ಮೇಲೆ ಶಾಲೆಗೆ ಆದಾಯ ಬೇಕು ಅಂತ, ಕೆಡಗಾಂವ್‌ನಲ್ಲಿ ಸುಮಾರು 100 ಎಕರೆ ಜಮೀನು ಮೊದಲೇ ಕೊಂಡು ಹಣ್ಣಿನ ಗಿಡ ಹಾಕಿಸಿದ್ದಳು. ಗದಗದಿಂದ ಸೋಲಾಪುರ ದಾಟಿ ಪುಣೆಗೆ ಹೋಗುವ ರೈಲಿನ ಹಾದಿಯಲ್ಲೇ ಇದೆ ಆ ಊರು, ಪುಣೆಗೆ ಸ್ವಲ್ಪ ಮುಂಚೆ. ಮಕ್ಕಳನ್ನು ಅಲ್ಲಿಗೇ ಕರೆದೊಯ್ದಳು. ಬಯಲಿನಲ್ಲಿ ಗುಡಿಸಲು ಹಾಕಿದರು. ಅದೇ ಮುಕ್ತಿ ಸದನ. 1900ರಲ್ಲಿ ಗುಜರಾತಿನಲ್ಲಿ ಬರ ಬಂದಾಗ ಮತ್ತೆ ಜನ ಕಳಿಸಿ ನೂರಾರು ಹುಡುಗಿಯರನ್ನು ತರಿಸಿದಳು. ಅಲ್ಲಿ ಸೇರಿದವರ ಸಂಖ್ಯೆ ಸುಮಾರು 2,000ಕ್ಕೆ ಮುಟ್ಟಿತು. ಅವರಿಗೆ ಅವಳು ಅನ್ನ ಮಾತ್ರ ಕೊಡಲಿಲ್ಲ. ಓದು, ನೇಯ್ಗೆ, ಹೊಲಿಗೆ, ಬೇಸಾಯ, ಹೈನು, ಎಣ್ಣೆ ತೆಗೆಯುವುದು, ಮುದ್ರಣ ಎಲ್ಲ ಕಲಿಸಿದಳು. ಯಾಕೆ? ದುಡಿಯುವುದು ಅವಮಾನ ಅಂತ ಕೂತು ತನ್ನ ಮನೆ ಹೇಗೆ ಮುಳುಗಿತು ಅಂತ ಕಣ್ಣಾರೆ ಕಂಡವಳಲ್ವಾ ಅವಳು? ತನ್ನ ಮಕ್ಕಳ ಕೈಗೆ ಆ ಗತಿ ಬರಬಾರದು.

ಅಮ್ಮನಿಗೆ ತಿನ್ನಿಸಲಾಗದ ಆ ಒಂದು ತುಂಡು ರೊಟ್ಟಿ ಎಷ್ಟು ಸಾವಿರ ರೊಟ್ಟಿಯಾಯಿತು ಲೆಕ್ಕ ಹಾಕಿ. ಕರ್ತನಿಗೆ ಸ್ತೋತ್ರ!

ಒಂದು ಮಾತು ನೇರವಾಗಿ ಹೇಳ್ತೀನಿ. ಆ 2,000 ಮಕ್ಕಳು ಬದುಕಿದ್ದರಿಂದ ಅವಳ ತಾಯಿ ಎದ್ದು ಬರಲಿಲ್ಲ. ಹೋದ ಮುಂಗಾರು ಹೋಯಿತು. ನಷ್ಟವನ್ನು ನಷ್ಟ ಅಂತಲೇ ಒಪ್ಪಿಕೊಳ್ಳಬೇಕು. ಆದರೆ ರೈತ ಏನು ಮಾಡ್ತಾನೆ? ಮುಂಗಾರು ತಪ್ಪಿದವನು ಕೂರಿಗೆ ಮುರಿದು ಒಲೆಗೆ ಹಾಕೋದಿಲ್ಲ. ಹಿಂಗಾರಿಗೆ ಕಾಯ್ತಾನೆ, ಮೋಡ ಕಂಡ ಕೂಡಲೇ ಹೊಲಕ್ಕೆ ಹೊರಡ್ತಾನೆ. ರಮಾಬಾಯಿಗೆ 1874 ತಪ್ಪಿದ ಮುಂಗಾರು, 1896 ಸಿಕ್ಕ ಹಿಂಗಾರು. ಹಳೆಯ ನೋವು ಅವಳ ಕಾಲು ಕಟ್ಟಲಿಲ್ಲ, ಅವಳ ಕಣ್ಣು ತೆರೆಸಿತು.

ಪೆಂತೆಕೊಸ್ತಿನವರಾದ ನಾವು ಮುಂದಿನದ್ದನ್ನು ಮರೆಯಬಾರದು. 1905ರ ಜನವರಿಯಿಂದ ಮುಕ್ತಿಯಲ್ಲಿ ದಿನಾಲೂ ಉಜ್ಜೀವನಕ್ಕಾಗಿ ಪ್ರಾರ್ಥನೆ ಶುರುವಾಯಿತು. ಮೊದಲು ಎಪ್ಪತ್ತು ಹೆಣ್ಣುಮಕ್ಕಳು, ಆಮೇಲೆ ಹಲವು ನೂರು. ಜೂನ್ ಕೊನೆಯಲ್ಲಿ ಪವಿತ್ರಾತ್ಮನ ಸುರಿಸುವಿಕೆ ಆಯಿತು. ಪಾಪ ಅರಿಕೆ, ಕಣ್ಣೀರು, ಆನಂದ. ಅಮೆರಿಕದ ಅಜೂಸಾ ಬೀದಿಯ ಉಜ್ಜೀವನ ಆದದ್ದು ಮರುವರ್ಷ, 1906ರಲ್ಲಿ. ಮುಕ್ತಿಯಲ್ಲಿ ಸೇವೆಯಲ್ಲಿದ್ದ ಮಿನ್ನಿ ಏಬ್ರಾಮ್ಸ್ ಆ ಉಜ್ಜೀವನದ ಬಗ್ಗೆ ಬರೆದ ಪುಸ್ತಿಕೆ ದೂರದ ಚಿಲಿ ದೇಶಕ್ಕೆ ಮುಟ್ಟಿ, ಅಲ್ಲಿ 1909ರಲ್ಲಿ ಪೆಂತೆಕೊಸ್ತ್ ಸಭೆ ಹುಟ್ಟಲು ಒಂದು ಕಾರಣವಾಯಿತು. ಆ ಪ್ರಾರ್ಥನೆ ಮಾಡಿದವರು ಯಾರು? ಬರದಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗಿಯರು. 1896ರಲ್ಲಿ ಅವಳು ಮನೆಯಲ್ಲೇ ಕೂತಿದ್ದರೆ ಅವರಲ್ಲಿ ಎಷ್ಟು ಮಂದಿ ಬದುಕಿರುತ್ತಿದ್ದರು?

ಹುಟ್ಟಿದ ನಾಡನ್ನೂ ಕನ್ನಡದ ಜನರನ್ನೂ ಅವಳ ಸೇವೆ ಬಿಡಲಿಲ್ಲ. 1910ರ ದಶಕದಲ್ಲಿ ಕಲಬುರಗಿಯಲ್ಲಿ ಅವಳ ಶಾಲೆ ನಡೆಯಿತು, ಮಗಳು ಮನೋರಮಾ ಅದರ ಹೊಣೆ ಹೊತ್ತಳು. ಇನ್ನೊಂದು ಕಡೆ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಇಡೀ ಸತ್ಯವೇದ ತರ್ಜುಮೆ ಮಾಡುತ್ತಿದ್ದಳು. ಮುಕ್ತಿಯ ಹೆಣ್ಣುಮಕ್ಕಳೇ ಅದನ್ನು ಅಚ್ಚು ಹಾಕಿದರು. 1921ರಲ್ಲಿ, ತನ್ನ ನಂತರ ಎಲ್ಲ ನೋಡಿಕೊಳ್ಳಬೇಕಿದ್ದ ಮನೋರಮಾ ನಲವತ್ತನೇ ವಯಸ್ಸಿಗೆ ತೀರಿಕೊಂಡಳು. ತಾಯಿ ಮಗಳ ಸಾವನ್ನು ನೋಡಬೇಕಾಯಿತು. ಆದರೂ ಕೆಲಸ ಬಿಡಲಿಲ್ಲ. ತರ್ಜುಮೆ ಮುಗಿಸಿ 1922ರ ಏಪ್ರಿಲ್ 5ರಂದು ಕರ್ತನ ಸನ್ನಿಧಿ ಸೇರಿದಳು.

ಪ್ರಿಯರೇ, ಈಗ ನಿಮ್ಮ ವಿಷಯಕ್ಕೆ ಬರ್ತೀನಿ.

ಮಾಡಿದ ತಪ್ಪು ಕಾಡುತ್ತಿದೆಯಾ? ಅದನ್ನು ಕರ್ತನ ಮುಂದೆ ಹೆಸರಿಟ್ಟು ಅರಿಕೆಮಾಡಿ. ಆಮೇಲೆ ಎದ್ದು ಹೋಗಿ ಸರಿಮಾಡಿ. ಯಾರ ಮನಸ್ಸು ನೋಯಿಸಿದಿರೋ ಅವರ ಹತ್ತಿರ ಕ್ಷಮೆ ಕೇಳಿ, ತೆಗೆದುಕೊಂಡದ್ದನ್ನು ತಿರುಗಿ ಕೊಡಿ. ಪೇತ್ರನಿಗೆ ಸಿಕ್ಕ ದಡ ನಿಮಗೂ ಇದೆ.

ತಪ್ಪಿದ ಅವಕಾಶ ಕಾಡುತ್ತಿದೆಯಾ? ಮೊದಲು ಜರಡಿ ಹಿಡಿಯಿರಿ. ಇನ್‌ಸ್ಟಾಗ್ರಾಮ್ ನೋಡಿ ಅವನು ಕೆನಡಾಕ್ಕೆ ಹೋದ, ಇವಳು ಫ್ಲಾಟ್ ತಗೊಂಡಳು, ನಾನು ಹಿಂದೆ ಬಿದ್ದೆ ಅಂತ ಬರುವ ಬೇಜಾರು ಎಲ್ಲವೂ ದೇವರು ಕೊಟ್ಟ ಅವಕಾಶ ತಪ್ಪಿದ್ದಲ್ಲ. ಅದನ್ನು ಬಿಟ್ಟುಬಿಡಿ. ಇನ್ನೊಬ್ಬರ ಹೊಲದ ಮಳೆ ನಿಮ್ಮ ಲೆಕ್ಕವಲ್ಲ. ಆದರೆ ಒಬ್ಬ ಮನುಷ್ಯನ ಮುಖ ನೆನಪಾಗಿ ನಿದ್ದೆ ಬರದಿದ್ದರೆ, ಆಗ ಒಳ್ಳೆಯದು ಮಾಡಬಹುದಿತ್ತು, ಮಾಡಲಿಲ್ಲ ಅಂತ ಎದೆ ಚುಚ್ಚಿದರೆ, ಅದನ್ನು ಅಲಕ್ಷ್ಯ ಮಾಡಬೇಡಿ. ಆ ಮನುಷ್ಯ ಈಗ ಇಲ್ಲದಿರಬಹುದು. ಅವರ ಹಾಗೇ ಇನ್ನೊಬ್ಬರು ಇವತ್ತು ನಿಮ್ಮ ಪಿಜಿಯಲ್ಲಿದ್ದಾರೆ, ನಿಮ್ಮ ಆಫೀಸಿನ ಪಕ್ಕದ ಸೀಟಿನಲ್ಲಿದ್ದಾರೆ, ನಿಮ್ಮ ಊರಿನ ಮನೆಯಲ್ಲಿ ಫೋನಿಗೆ ಕಾಯ್ತಾ ಕೂತಿದ್ದಾರೆ. ಆ ಹಳೆಯ ನೋವೇ ಅವರನ್ನು ಗುರುತಿಸುವ ಕಣ್ಣು ನಿಮಗೆ ಕೊಟ್ಟಿದೆ.

ಎಲ್ಲ ಸಿದ್ಧವಾದ ಮೇಲೆ ಮಾಡ್ತೀನಿ ಅನ್ನಬೇಡಿ. ರಮಾಬಾಯಿ ಇಬ್ಬರು ವಿದ್ಯಾರ್ಥಿನಿಯರಿಂದ ಶುರುಮಾಡಿದಳು, ಬಯಲಿನ ಗುಡಿಸಲಿನಿಂದ ಶುರುಮಾಡಿದಳು. ಈ ವಾರ ಒಂದೇ ಒಂದು ಹೆಜ್ಜೆ. ಒಂದು ಫೋನ್, ಒಂದು ಭೇಟಿ, ಒಂದು ಹೌದು ಕರ್ತನೇ. ಸಣ್ಣದಾದರೂ ಪರವಾಗಿಲ್ಲ, ಹೊತ್ತಿಗೆ ಸರಿಯಾಗಿ ಆಗಲಿ.

ಕಣ್ಣು ಮುಚ್ಚೋಣ. ಕರ್ತನೇ, ನಾವು ಮಾಡಿದ ಪಾಪಗಳನ್ನು ನಿನ್ನ ಮುಂದೆ ತರುತ್ತೇವೆ, ನಿನ್ನ ರಕ್ತದಿಂದ ತೊಳೆ. ನಾವು ಮಾಡದೆ ಬಿಟ್ಟ ಒಳ್ಳೆಯದನ್ನೂ ನಿನ್ನ ಮುಂದೆ ತರುತ್ತೇವೆ, ಅದನ್ನೂ ಕ್ಷಮಿಸು. ಹೂತಿಟ್ಟ ತಲಾಂತನ್ನು ಇವತ್ತು ಅಗೆದು ತೆಗೆಯುವ ಧೈರ್ಯ ಈ ಮಕ್ಕಳಿಗೆ ಕೊಡು. ಹಸಿದವರು ಬಾಗಿಲಿಗೆ ಬಂದು ಬಾಯಿಬಿಡಲಾರದೆ ನಿಂತಾಗ ಗುರುತಿಸುವ ಕಣ್ಣು ಕೊಡು. ನಮ್ಮ ಕೈಯ ರೊಟ್ಟಿ ಹೊತ್ತಿಗೆ ಮುಂಚೆ ಮುಟ್ಟಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.